ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮನವರು

ಮದ್ರಾಸು ಎಂದೊಡನೆ ಕ್ರೈಸ್ತ ವಾಚಕರ ಮನಸ್ಸು ಸಹಜವಾಗಿಯೇ ಮೈಲಾಪುರದ ಸಾಂತೋಮಿನ ಕಡೆಗೆ ಹೊರಳುತ್ತದೆ. ಪ್ರಭು ಯೇಸುವಿನ ಪ್ರೇಷಿತರಾದ ಸಂತ ತೋಮಸರ ಸಮಾಧಿಸ್ಥಳವೆಂದು ಪರಂಪರೆಯು ನಂಬಿಕೊಂಡು ಬಂದ ಆ ಕಡಲ ತಡಿಯಲ್ಲಿ ಇಂದು ನಿಂತಿರುವ ಬಿಳಿಯ ಮಹಾದೇವಾಲಯವು 1896ರಲ್ಲಿ ಸಿದ್ಧವಾಯಿತು. ಅದಾದ ಕೆಲವೇ ವರ್ಷಗಳಲ್ಲಿ ಕನ್ನಡ ನಾಡಿನ ಒಬ್ಬ ಗಾಯಕಿ ತನ್ನ ತಂಬೂರಿಯೊಡನೆ ಅದೇ ನಗರಕ್ಕೆ ಬಂದಿಳಿದಳು. ಆಕೆಯೂ ಮುಂದೆ ಒಂದು ಸಮಾಧಿಗಾಗಿಯೇ ತನ್ನ ಬಾಳನ್ನು ಸವೆಸಿದಳು. ಅದು ಪ್ರೇಷಿತರ ಸಮಾಧಿಯಲ್ಲ, ಕಾವೇರಿಯ ದಡದಲ್ಲಿ ಮುಳ್ಳುಕಂಟಿ ಬೆಳೆದು ಮರೆಯಾಗುತ್ತಿದ್ದ ಒಬ್ಬ ಹಾಡುಗಾರನ ಸಮಾಧಿ. ಆ ಗಾಯಕಿಯೇ ಬೆಂಗಳೂರು ನಾಗರತ್ನಮ್ಮನವರು.

ಒಂದು ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಹಿಂದೂ ಗಾಯಕಿಯೊಬ್ಬರ, ಅದರಲ್ಲಿಯೂ ದೇವದಾಸಿ ಮನೆತನದಲ್ಲಿ ಹುಟ್ಟಿದವರ, ಜೀವನವೃತ್ತಾಂತವೇಕೆ ಎಂದು ಕೆಲವರಾದರೂ ಕೇಳಬಹುದು. ಸಾಲಹಳ್ಳಿಯ ನಮಗೆ ಸವದತ್ತಿಯ ಎಲ್ಲಮ್ಮನ ಗುಡ್ಡ ದೂರದ್ದಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಚೌಡಿಕೆಯ ನಾದವನ್ನು ಎತ್ತಿನ ಗಾಡಿಗಳ ಸಾಲಿನೊಡನೆ ಕೇಳುತ್ತ ಬೆಳೆದ ಸೀಮೆ ಇದು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳೂ ಅವರ ಮಕ್ಕಳೂ ನಮ್ಮ ಊರುಗಳಲ್ಲಿಯೇ ಬಾಳುತ್ತಿದ್ದಾರೆ. ಅವರಲ್ಲೊಬ್ಬಳು ದೇವಾಲಯದ ಬಾಗಿಲಿಗೆ ಬಂದು ನಿಂತಾಗ ನಮ್ಮ ಮುಖಭಾವ ಹೇಗಿರುತ್ತದೆ ಎಂಬುದು ಧರ್ಮಶಾಸ್ತ್ರದ ಪುಸ್ತಕಗಳಿಂದ ತೀರ್ಮಾನವಾಗುವ ಸಂಗತಿಯಲ್ಲ. ನಾಗರತ್ನಮ್ಮನವರ ಕಥೆಯನ್ನು ಹೇಳಲು ಅಷ್ಟೇ ಕಾರಣ ಸಾಕು.

ಮೊದಲು ಅವರು ಹೋಗಿ ನೆಲೆಸಿದ ನಗರದ ಸಂಗೀತದ ವಿಷಯವಾಗಿ ಸ್ವಲ್ಪ ಹೇಳಬೇಕು. ಆಂಗ್ಲರು 1639ರಲ್ಲಿ ಸಣ್ಣ ಮರಳು ಪಟ್ಟಿಯೊಂದನ್ನು ಪಡೆದು ಕೋಟೆ ಕಟ್ಟುವುದಕ್ಕೆ ಮೊದಲೇ ಪೋರ್ಚುಗೀಸರು ಸಾಂತೋಮಿನಲ್ಲಿ ನೆಲೆಯೂರಿದ್ದರು. ಕೋಟೆಯ ಉತ್ತರಕ್ಕೆ ಬೆಳೆದ ಪೇಟೆಯಲ್ಲಿ ತೆಲುಗು ಕೋಮಟಿಗಳು, ತಮಿಳು ಮೊದಲಿಯಾರರು, ಗುಜರಾತಿ ಸಾಹುಕಾರರು, ಆರ್ಮೇನಿಯಾದ ವ್ಯಾಪಾರಿಗಳು, ಮುಸಲ್ಮಾನರು, ಕಪುಚಿನ್ ಸಭೆಯ ಗುರುಗಳು ಒಬ್ಬರ ಬೀದಿಗೆ ಒಬ್ಬರ ಬೀದಿ ತಾಗಿಕೊಂಡು ವಾಸವಾಗಿದ್ದರು. ಇಂತಹ ಕಡೆ ಸಂಗೀತವು ಒಂದೇ ಪಾತ್ರೆಯಲ್ಲಿ ಉಳಿಯುವುದಿಲ್ಲ. ಕಂಪನಿಯ ದುಭಾಷಿಯಾಗಿದ್ದ ಮನೆತನದ ಮಣಲಿಯ ಚಿನ್ನಯ್ಯ ಮೊದಲಿಯಾರರ ಆಶ್ರಯದಲ್ಲಿದ್ದ ದೀಕ್ಷಿತರ ಕುಟುಂಬವು ಕೋಟೆಯ ಸೈನಿಕ ವಾದ್ಯಗೋಷ್ಠಿಯನ್ನು ಕೇಳಿತು. ಹಿರಿಯ ಮಗ ಮುತ್ತುಸ್ವಾಮಿ ದೀಕ್ಷಿತರು ಆ ಐರೋಪ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ಕಿರಿಯ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ಶಿಕ್ಷಕನಿಂದ ಪಿಟೀಲು ಕಲಿತು, ಅದನ್ನು ನಮ್ಮ ಶ್ರುತಿಗೆ ಒಗ್ಗಿಸಿದರು. ಇಂದು ಪಿಟೀಲು ಇಲ್ಲದ ಕರ್ನಾಟಕ ಸಂಗೀತದ ಕಚೇರಿಯನ್ನು ಊಹಿಸುವುದೂ ಕಷ್ಟ. ನಮ್ಮ ದೇವಾಲಯದಲ್ಲಿ ತಬಲಾ ಬಾರಿಸಿದರೆ ಹುಬ್ಬೇರಿಸುವ ಭಕ್ತರು ಈಗಲೂ ಅಲ್ಲಲ್ಲಿ ಇದ್ದಾರೆ. ದೇವಾಲಯಕ್ಕೆ ತಬಲಾ ಬಂದುದಕ್ಕಿಂತ ನೂರೈವತ್ತು ವರ್ಷ ಮೊದಲೇ ಅವರ ಪಿಟೀಲು ನಮ್ಮವರ ಕಛೇರಿಯೊಳಗೆ ಬಂದು ಕುಳಿತಿತ್ತು ಎಂಬುದನ್ನು ಅವರು ನೆನೆಯಬೇಕು.

ಆ ಸೀಮೆಯ ಕ್ರೈಸ್ತರೂ ಸುಮ್ಮನೆ ಕೇಳುಗರಾಗಿ ಉಳಿಯಲಿಲ್ಲ. ಮಾಯವರದಲ್ಲಿ ಮುನ್ಸೀಫರಾಗಿದ್ದ ಕಥೋಲಿಕ ಗೃಹಸ್ಥ ವೇದನಾಯಗಂ ಪಿಳ್ಳೆಯವರು (1826–1889) ತಮಿಳಿನ ಮೊದಲ ಕಾದಂಬರಿಯನ್ನು ಬರೆದವರೆಂದು ಪ್ರಸಿದ್ಧರು. ಅವರೇ ಎಲ್ಲ ಮತದವರೂ ಹಾಡಬಹುದಾದ ಕೀರ್ತನೆಗಳನ್ನು ಶಾಸ್ತ್ರೀಯ ರಾಗಗಳಲ್ಲಿ ರಚಿಸಿದರು. ತಂಜಾವೂರಿನ ಅಬ್ರಹಾಂ ಪಂಡಿತರು ಪ್ರೊಟೆಸ್ಟಂಟ್ ಪಂಥದವರು. ಅವರು 1912ರಿಂದ ಸಂಗೀತ ಸಮ್ಮೇಳನಗಳನ್ನು ಕೂಡಿಸಿ, 1917ರಲ್ಲಿ ಸ್ವರಶ್ರುತಿಗಳ ಮೇಲೆ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆಯಾ ದೇಶದ ಸಂಗೀತಕ್ಕೆ ದೇವಾರಾಧನೆಯಲ್ಲಿ ಗೌರವದ ಸ್ಥಾನ ಕೊಡಬೇಕೆಂದು ನಿರ್ಣಯಿಸುವುದಕ್ಕೆ ಬಹಳ ಮೊದಲೇ ಈ ಮಹನೀಯರು ಆ ದಾರಿಯಲ್ಲಿ ನಡೆದಿದ್ದರು.

ನಾಗರತ್ನಮ್ಮನವರು ಜನಿಸಿದುದು 1878ರ ನವೆಂಬರ್ 3ರಂದು, ಮೈಸೂರು ಸೀಮೆಯ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ತಂದೆ ಸುಬ್ಬರಾವ್ ಎಂಬ ವಕೀಲರು. ತಾಯಿಮಗಳನ್ನು ಅವರು ಕೈಬಿಟ್ಟರು. ತಾಯಿ ಮಗುವನ್ನು ಎತ್ತಿಕೊಂಡು ಮೈಸೂರಿಗೆ ಬಂದರು. ಅರಮನೆಯ ಸಂಸ್ಕೃತ ವಿದ್ವಾಂಸರಾದ ಗಿರಿಭಟ್ಟರ ತಿಮ್ಮಯ್ಯನವರು ಆ ಹುಡುಗಿಗೆ ಸಂಸ್ಕೃತವನ್ನೂ ಸಂಗೀತವನ್ನೂ ಕಲಿಸಿದರು. ಐದನೆಯ ವಯಸ್ಸಿನಲ್ಲಿಯೇ ಆಕೆಯನ್ನು ದೇವರಿಗೆ ಒಪ್ಪಿಸಲಾಯಿತು. ಕೆಲಕಾಲದ ನಂತರ ಆ ಗುರುಗಳ ಆಶ್ರಯವೂ ತಪ್ಪಿತು. ತಾಯಿಮಗಳು ಮೈಸೂರು ಬಿಟ್ಟು, ಪಿಟೀಲು ವಾದಕರಾದ ಬಂಧುವೊಬ್ಬರ ನೆರಳಿಗೆ ಬಂದರು. ಮುನುಸ್ವಾಮಪ್ಪನವರೆಂಬ ಗುರುಗಳು ನಾಗರತ್ನಮ್ಮನವರಿಗೆ ತ್ಯಾಗರಾಜರ ಶಿಷ್ಯಪರಂಪರೆಯಲ್ಲಿ ಹರಿದು ಬಂದ ಪಾಠವನ್ನು ಹೇಳಿಕೊಟ್ಟರು. ಕನ್ನಡ, ತೆಲುಗು, ಸಂಸ್ಕೃತ, ಇಂಗ್ಲಿಷ್ ಎಲ್ಲವೂ ಆಕೆಗೆ ಒಲಿದವು. ಹದಿನೈದರ ಹೊತ್ತಿಗೆ ವಿದ್ವಜ್ಜನರ ಸಭೆಯಲ್ಲಿ ನುಡಿಸಿ ಕುಣಿದು ಮೆಚ್ಚುಗೆ ಪಡೆದರು. ಮೈಸೂರಿನ ಅರಮನೆಯಲ್ಲಿಯೂ ಸತ್ಕಾರ ದೊರೆಯಿತು. ಕನ್ನಡ ನಾಡಿನ ಆಸ್ಥಾನದಲ್ಲಿ ಅರಳಿದ ಈ ವಿದ್ಯೆಯನ್ನು ಬೆಂಗಳೂರಿನಲ್ಲಿ ಆದರಿಸಿದವರು ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರು. ಇನ್ನೂ ದೊಡ್ಡ ಕ್ಷೇತ್ರ ಬೇಕಾದರೆ ಮದ್ರಾಸಿಗೆ ಹೋಗಬೇಕೆಂದು ಸಲಹೆ ಕೊಟ್ಟವರೂ ಅವರೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ದೇವದಾಸಿ ಎಂಬ ಒಂದೇ ಶಬ್ದದಿಂದ ಬಹು ಬೇರೆ ಬೇರೆ ಬಾಳುಗಳನ್ನು ನಾವು ಕರೆಯುತ್ತೇವೆ. ಮೈಸೂರು, ತಂಜಾವೂರುಗಳ ಅರಮನೆ ಮತ್ತು ದೊಡ್ಡ ದೇವಸ್ಥಾನಗಳಿಗೆ ಸೇರಿದ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರವಿತ್ತು, ಆಸ್ತಿಯಿತ್ತು, ಸಂಗೀತ ನೃತ್ಯಗಳ ಕಠಿಣ ಶಿಕ್ಷಣವಿತ್ತು. ಗೃಹಿಣಿಯರು ಓದುಬರಹ ಕಲಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಕಾವ್ಯವನ್ನು ಓದಿ ಅರ್ಥ ಹೇಳಬಲ್ಲ ಹೆಂಗಸರು ಬಹುಮಟ್ಟಿಗೆ ಈ ಮನೆಗಳಲ್ಲಿಯೇ ಇದ್ದರು. ನಮ್ಮ ಸೀಮೆಯಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು ಬಹುಪಾಲು ಕಡುಬಡವರು, ಶೋಷಿತ ಜಾತಿಯವರು. ಅವರ ಪಾಲಿಗೆ ಬಂದದ್ದು ಜೋಗ, ಚೌಡಿಕೆ ಮತ್ತು ಹಸಿವು. ಆದರೂ ಎರಡರ ಬೇರಿನಲ್ಲಿಯೂ ಒಂದೇ ಅನ್ಯಾಯವಿದೆ. ಏನನ್ನೂ ತಿಳಿಯದ ವಯಸ್ಸಿನ ಮಗುವಿನ ಬಾಳನ್ನು ಹಿರಿಯರು ನಿಶ್ಚಯಿಸಿಬಿಡುತ್ತಾರೆ. ಅವಳಿಗೆ ಹುಟ್ಟುವ ಮಕ್ಕಳಿಗೆ ತಂದೆಯ ಹೆಸರು ಸಿಗುವುದಿಲ್ಲ. ತಂದೆಯಾದವನಿಗೆ ಯಾವ ಕಳಂಕವೂ ತಟ್ಟುವುದಿಲ್ಲ. ವಕೀಲ ಸುಬ್ಬರಾಯರನ್ನು ಯಾರೂ ಯಾವ ಸಭೆಯಿಂದಲೂ ಹೊರಗಿಟ್ಟಂತೆ ಕಾಣುವುದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಗರತ್ನಮ್ಮನವರು ಮದ್ರಾಸಿನ ಪೇಟೆಯ ಭಾಗದಲ್ಲಿ, ಈಗ ಜಾರ್ಜ್ ಟೌನ್ ಎನ್ನುವ ಕಡೆ, ನೆಲೆಸಿದರು. ರಾಜರತ್ನ ಮೊದಲಿಯಾರರೆಂಬ ವರ್ತಕರ ಆಶ್ರಯ ದೊರೆಯಿತು. ಊರು ತಮಿಳಿನದು, ಹಾಡುವ ಕೃತಿಗಳ ಭಾಷೆ ಬಹುಪಾಲು ತೆಲುಗು, ಪಾಂಡಿತ್ಯದ ಭಾಷೆ ಸಂಸ್ಕೃತ, ಸರ್ಕಾರದ ಭಾಷೆ ಇಂಗ್ಲಿಷ್. ಇವೆಲ್ಲದರ ನಡುವೆ ಆಕೆ ತನ್ನ ಹೆಸರಿನ ಮುಂದೆ ಬೆಂಗಳೂರು ಎಂಬುದನ್ನು ಬಿಡದೆ ಇಟ್ಟುಕೊಂಡರು. ಆ ಕಾಲದ ಮದ್ರಾಸಿನಲ್ಲಿ ಸಂಗೀತ ನಡೆಯುತ್ತಿದ್ದುದು ಸಾಹುಕಾರರ ಮನೆಗಳ ಮದುವೆಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ, ಹಾಗೂ ವೀಣೆ ಧನಮ್ಮಾಳರಂತಹ ಕಲಾವಿದೆಯರ ಸ್ವಂತ ಮನೆಯ ನಡುಮನೆಯಲ್ಲಿ. ವಿದ್ವಾಂಸರು ಅಲ್ಲಿಗೆ ಹೋಗಿ, ನೆಲದ ಮೇಲೆ ಕುಳಿತು, ಕೆಮ್ಮನ್ನೂ ತಡೆಹಿಡಿದು ಕೇಳುತ್ತಿದ್ದರಂತೆ.

ಅಷ್ಟರಲ್ಲಿ ನಗರ ಬದಲಾಗತೊಡಗಿತ್ತು. ತಿರುವಲ್ಲಿಕೇಣಿಯ ಪಾರ್ಥಸಾರಥಿ ಸ್ವಾಮಿ ಸಭೆಯಂತಹ ಸಂಗೀತ ಸಭೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ತಲೆಯೆತ್ತಿದವು. ಚಂದಾ ಕೊಟ್ಟವರು, ಚೀಟಿ ಕೊಂಡವರು ಯಾರೇ ಆಗಲಿ ಬಂದು ಕೂಡಬಹುದು. ರಾಜನ ಕೃಪೆಯ ಬದಲಿಗೆ ಗುಮಾಸ್ತರು, ವಕೀಲರು, ಉಪಾಧ್ಯಾಯರು ಕೊಡುವ ಕಾಸು ಸಂಗೀತವನ್ನು ಸಾಕತೊಡಗಿತು. ಗ್ರಾಮಫೋನ್ ತಟ್ಟೆಗಳು ಬಂದವು. ತಮ್ಮ ವಿದ್ಯೆಯನ್ನು ಯಂತ್ರದ ಬಾಯಿಗೆ ಹಾಕಲು ಎಷ್ಟೋ ಗಂಡಸು ವಿದ್ವಾಂಸರು ಹಿಂಜರಿದರು. ಯಂತ್ರದ ಮುಂದೆ ಧೈರ್ಯವಾಗಿ ಹಾಡಿದವರಲ್ಲಿ ಹೆಚ್ಚಿನವರು ದೇವದಾಸಿ ಮನೆತನದ ಗಾಯಕಿಯರು. ನಾಗರತ್ನಮ್ಮನವರೂ ಅವರಲ್ಲಿ ಸೇರಿದ್ದರು. ಹೀಗೆ ಶಾಸ್ತ್ರೀಯ ಸಂಗೀತವನ್ನು ಅರಮನೆಯಿಂದ ಸಾಮಾನ್ಯನ ಮನೆಯ ಪಡಸಾಲೆಗೆ ತಂದವರು ಬಹುಮಟ್ಟಿಗೆ ಈ ಹೆಂಗಸರೇ. ನಾಗರತ್ನಮ್ಮನವರ ಕಛೇರಿಗಳು ಎಷ್ಟು ಬೇಡಿಕೆ ಪಡೆದವೆಂದರೆ, ಮದ್ರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆಯೆಂಬ ಖ್ಯಾತಿ ಅವರಿಗೆ ಬಂತು. ಹರಿಕಥೆಯನ್ನೂ ಮಾಡುತ್ತಿದ್ದರು.

1910ರಲ್ಲಿ ನಡೆದ ಒಂದು ಪ್ರಸಂಗ ಆಕೆಯ ಸ್ವಭಾವವನ್ನು ತಿಳಿಸುತ್ತದೆ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ದೇವದಾಸಿಯು ರಾಧೆಯನ್ನು ಕುರಿತು ರಚಿಸಿದ ತೆಲುಗು ಕಾವ್ಯವೊಂದಿತ್ತು. ಅದರ ಒಂದು ಮುದ್ರಣದಲ್ಲಿ ಕವಯಿತ್ರಿ ತನ್ನ ತಾಯಿ ಅಜ್ಜಿಯರ ವಿಷಯ ಬರೆದ ಪದ್ಯಗಳನ್ನು ಕೈಬಿಡಲಾಗಿತ್ತು. ನಾಗರತ್ನಮ್ಮನವರು ಮೂಲ ಪ್ರತಿಯನ್ನು ಹುಡುಕಿ ತೆಗೆದು, ವಾವಿಳ್ಳ ಸಂಸ್ಥೆಯ ಮೂಲಕ ಪೂರ್ಣ ಕಾವ್ಯವನ್ನು ಅಚ್ಚು ಹಾಕಿಸಿದರು. ಸಮಾಜ ಸುಧಾರಕರೂ ದೊಡ್ಡ ಸಾಹಿತಿಗಳೂ ಆದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಆ ಕಾವ್ಯ ಹೆಣ್ಣಿನ ಬಾಯಲ್ಲಿ ಬರಬಾರದ್ದೆಂದು ಖಂಡಿಸಿದ್ದರು. ಗಂಡಸರು ಅಂತಹುದೇ ಶೃಂಗಾರವನ್ನು ಬರೆದಾಗ ಕಾವ್ಯವೆನ್ನುವವರು ಹೆಣ್ಣು ಬರೆದಾಗ ಮಾತ್ರ ಹೇಸುವುದೇಕೆ ಎಂಬುದು ನಾಗರತ್ನಮ್ಮನವರ ವಾದ. ಸರ್ಕಾರವು ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದುದು ದೇಶ ಸ್ವತಂತ್ರವಾದ 1947ರಲ್ಲಿ. ಗುರುವಾದ ನಾನು ಆ ಕಾವ್ಯವನ್ನು ಯುವಜನರ ಕೈಗೆ ಕೊಡುವವನಲ್ಲ. ಆದರೆ ಆಕೆಯ ಪ್ರಶ್ನೆಗೆ ವೀರೇಶಲಿಂಗಂ ಅವರ ಪಕ್ಷದಲ್ಲಿ ಒಳ್ಳೆಯ ಉತ್ತರವಿತ್ತೆಂದು ನನಗೆ ಅನಿಸುವುದಿಲ್ಲ. ಇದೇ ನಾಗರತ್ನಮ್ಮನವರು ಕುಡಿತದ ಕೇಡನ್ನು ಕುರಿತು ಒಂದು ಪುಸ್ತಿಕೆಯನ್ನು ಬರೆದರೆಂಬುದನ್ನೂ ಹೇಳಬೇಕು. ಅದನ್ನಂತೂ ನಮ್ಮ ಎಲ್ಲ ಮನೆಗಳಿಗೂ ಹಂಚಬಹುದು.

ಮದ್ರಾಸಿನಲ್ಲಿ 1927ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಅದರೊಡನೆಯೇ ಕೂಡಿದ ಸಂಗೀತ ಸಮ್ಮೇಳನದ ಫಲವಾಗಿ 1928ರಲ್ಲಿ ಮದ್ರಾಸು ಸಂಗೀತ ಅಕಾಡೆಮಿ ಸ್ಥಾಪಿತವಾಯಿತು. ಸಂಗೀತವು ಮಾನ್ಯ ಕುಟುಂಬಗಳ ಹೆಣ್ಣುಮಕ್ಕಳೂ ಕಲಿಯಬಹುದಾದ ವಿದ್ಯೆಯಾಯಿತು. ಇದು ಶುಭವೇ. ಆದರೆ ಮನೆಯೊಂದು ಹೊಸದಾಗಿ ಬಣ್ಣ ಹೊಡೆಸಿಕೊಂಡಾಗ ಹಳೆಯ ಬಾಡಿಗೆದಾರರನ್ನು ಎಬ್ಬಿಸುವುದುಂಟು. ಯಾರು ತಲೆಮಾರುಗಳಿಂದ ಆ ವಿದ್ಯೆಯನ್ನು ಕಂಠದಲ್ಲಿಯೂ ಕಾಲ್ಗೆಜ್ಜೆಯಲ್ಲಿಯೂ ಕಾಪಾಡಿಕೊಂಡು ಬಂದಿದ್ದರೋ ಅವರ ಹೆಸರೇ ಅಪಮಾನದ ಶಬ್ದವಾಯಿತು. ಹೆಂಗಸರಿಗೆ ಪಕ್ಕವಾದ್ಯ ನುಡಿಸುವುದಿಲ್ಲವೆಂದು ಹೇಳುವ ವಿದ್ವಾಂಸರೂ ಇದ್ದರು.

ಅದೇ 1927ರಲ್ಲಿ ಮದ್ರಾಸಿನ ಶಾಸನಸಭೆಯನ್ನು ಪ್ರವೇಶಿಸಿದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಹೆಣ್ಣುಮಕ್ಕಳನ್ನು ದೇವರಿಗೆ ಒಪ್ಪಿಸುವ ಪದ್ಧತಿ ನಿಲ್ಲಬೇಕೆಂದು ಹೋರಾಟ ಹೂಡಿದರು. ಮೈಸೂರು ಸಂಸ್ಥಾನವು ಇದಕ್ಕೆ ಬಹಳ ಮೊದಲು, 1909ರಲ್ಲಿಯೇ, ತನ್ನ ದೇವಸ್ಥಾನಗಳಲ್ಲಿ ಆ ಸೇವೆಯನ್ನು ನಿಲ್ಲಿಸಿತ್ತು. ಮುತ್ತುಲಕ್ಷ್ಮಿಯವರ ತಾಯಿಯೂ ದೇವದಾಸಿ ಕುಲದವರೇ. ಆ ನೋವನ್ನು ಅವರು ಮನೆಯೊಳಗಿನಿಂದಲೇ ಬಲ್ಲವರು. ಅವರಿಗೆ ಎದುರಾಗಿ ನಿಂತವರಲ್ಲಿ ನಾಗರತ್ನಮ್ಮನವರು ಪ್ರಮುಖರು. ಮದ್ರಾಸು ಪ್ರಾಂತದ ದೇವದಾಸಿಯರು ಸಂಘ ಕಟ್ಟಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ತಮ್ಮನ್ನೆಲ್ಲ ಒಟ್ಟಾಗಿ ಪತಿತೆಯರೆಂದು ಕಾನೂನಿನ ಭಾಷೆಯಲ್ಲಿ ಬರೆಯುವುದು ಅನ್ಯಾಯ, ತಮಗೆ ವಿದ್ಯೆ ಬೇಕು, ಕಲೆಯಿಂದ ಜೀವಿಸುವ ಹಕ್ಕು ಬೇಕು, ಹೆಣ್ಣುಮಕ್ಕಳಿಗಿದ್ದ ಆಸ್ತಿಯ ಹಕ್ಕು ಉಳಿಯಬೇಕು ಎಂಬುದು ಅವರ ಅಹವಾಲು. ಒಂದೇ ಕುಲದ ಇಬ್ಬರು ಹೆಣ್ಣುಮಕ್ಕಳು ಹೀಗೆ ಎದುರುಬದುರಾದರು. ಈ ವಾದವನ್ನು ಓದುವಾಗ ಯಾರ ಪಕ್ಷ ಹಿಡಿಯಬೇಕೆಂದು ನಾನು ಬಹಳ ಯೋಚಿಸಿದ್ದುಂಟು. ಮಗುವನ್ನು ಒಪ್ಪಿಸುವ ಪದ್ಧತಿ ಹೋಗಲೇಬೇಕಾಗಿತ್ತು. ಅದರಲ್ಲಿ ವೈದ್ಯೆಯದೇ ಸರಿ. ಆದರೆ ಪದ್ಧತಿಯನ್ನು ತೊಲಗಿಸುವ ಭರದಲ್ಲಿ ಅದರ ಬಲಿಯಾದವರ ಮಾನವನ್ನೂ ಹೊಟ್ಟೆಪಾಡನ್ನೂ ಕಳೆಯಬಾರದು ಎಂಬುದರಲ್ಲಿ ಗಾಯಕಿಯದೇ ಸರಿ. ಮದ್ರಾಸಿನಲ್ಲಿ ನಿಷೇಧದ ಕಾಯಿದೆ 1947ರಲ್ಲಿ ಬಂತು. ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಇಲ್ಲಿಗೆ 1934ರಲ್ಲಿಯೇ ಒಂದು ಕಾಯಿದೆ ಬಂದಿತ್ತು, 1982ರಲ್ಲಿ ಕರ್ನಾಟಕದ್ದು ಮತ್ತೊಂದು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ನಲವತ್ತೆಂಟು ವರ್ಷ ಗುಡ್ಡದಲ್ಲಿ ಮುತ್ತು ಕಟ್ಟುವುದು ನಿಲ್ಲಲಿಲ್ಲವೆಂಬುದು ನಮ್ಮ ಭಾಗದ ಹಿರಿಯರೆಲ್ಲರಿಗೂ ತಿಳಿದ ಸಂಗತಿ.

ಈ ಗದ್ದಲಕ್ಕಿಂತ ಕೆಲವು ವರ್ಷ ಮೊದಲೇ ನಾಗರತ್ನಮ್ಮನವರ ಬಾಳು ಬೇರೊಂದು ಕಡೆಗೆ ತಿರುಗಿತ್ತು. ತ್ಯಾಗರಾಜರು 1767ರಲ್ಲಿ ತಿರುವಾರೂರಿನಲ್ಲಿ ಹುಟ್ಟಿ, ತಂಜಾವೂರಿನ ಸಮೀಪದ ತಿರುವೈಯಾರಿನಲ್ಲಿ ಬಾಳಿ, ರಾಜಾಶ್ರಯವನ್ನು ಬಯಸದೆ, ರಾಮನನ್ನು ಕುರಿತು ತೆಲುಗಿನಲ್ಲಿ ನೂರಾರು ಕೃತಿಗಳನ್ನು ಹಾಡಿದ ಭಕ್ತರು. 1847ರ ಜನವರಿ 6ರಂದು, ಸಂನ್ಯಾಸ ಸ್ವೀಕರಿಸಿದ ಕೆಲವೇ ಸಮಯದಲ್ಲಿ, ತೀರಿಕೊಂಡರು. ಕಾವೇರಿಯ ದಡದಲ್ಲಿ ಸಮಾಧಿಯಾಯಿತು. ಶಿಷ್ಯರು ಅವರ ಹಾಡುಗಳನ್ನು ಊರೂರಿಗೆ ಕೊಂಡೊಯ್ದರು. ಸಮಾಧಿ ಮಾತ್ರ ನದಿಯ ಮರಳಿನಲ್ಲಿ ಉಳಿಯಿತು. 1903ರಲ್ಲಿ ಶಿಷ್ಯಪರಂಪರೆಯ ಇಬ್ಬರು ಅದನ್ನು ಗುರುತಿಸಿ ದುರಸ್ತಿ ಮಾಡಿಸಿದರು. ಅನಂತರ ವರ್ಷವರ್ಷವೂ ಆರಾಧನೆಯೇನೋ ನಡೆಯತೊಡಗಿತು. ಆದರೆ ಅದನ್ನು ನಡೆಸುವವರಲ್ಲಿ ಜಗಳ ಹುಟ್ಟಿ ಎರಡು ಪಕ್ಷಗಳಾದವು. ಭಕ್ತರು ಪಕ್ಷ ಕಟ್ಟಿ ಹೊಡೆದಾಡುವುದರಲ್ಲಿ ಯಾವ ಧರ್ಮದವರೂ ಹಿಂದೆ ಬಿದ್ದಿಲ್ಲ. ಹಬ್ಬದ ಲೆಕ್ಕಪತ್ರದ ಸಭೆಗಳಲ್ಲಿ ಕುಳಿತಿರುವ ಗುರುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೈಸೂರಿನ ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರು ಕರಾವಳಿಯ ನಂದಳಿಕೆಯ ಕೊಂಕಣಿ ಮನೆತನದವರು. ನಾಗರತ್ನಮ್ಮನವರು ಅವರನ್ನು ಗುರುವೆಂದೇ ಭಾವಿಸಿದ್ದರು. ತಿರುವೈಯಾರಿಗೆ ಹೋಗಿ ಸಮಾಧಿಯ ದುಃಸ್ಥಿತಿಯನ್ನು ಕಂಡ ಅವರು ಮದ್ರಾಸಿಗೆ ಪತ್ರ ಬರೆದರು. 1921ರಲ್ಲಿ ಬಂದ ಆ ಪತ್ರ ನಾಗರತ್ನಮ್ಮನವರನ್ನು ಕಲಕಿತು. ತ್ಯಾಗರಾಜರು ಕನಸಿನಲ್ಲಿಯೂ ಕಾಣಿಸಿಕೊಂಡರೆಂದು ಆಕೆ ನಂಬಿದ್ದರು. ಮಕ್ಕಳಿಲ್ಲದ ತನ್ನ ಸಂಪಾದನೆಯೆಲ್ಲ ಯಾರಿಗೆ ಎಂಬ ಚಿಂತೆಗೆ ಅಂದೇ ಉತ್ತರ ದೊರೆಯಿತು. ಸಮಾಧಿಯ ಸುತ್ತಲಿನ ಭೂಮಿಯನ್ನು ಪಡೆದು, ಕಂಟಿಗಳನ್ನು ಕಡಿಸಿ, 1921ರ ಅಕ್ಟೋಬರ್ 27ರಂದು ಅಸ್ತಿಭಾರ ಹಾಕಿಸಿದರು. ಕಛೇರಿ ಮಾಡಿ ಬಂದ ಹಣ ಕಲ್ಲು ಗಾರೆಗಳಿಗೆ ಹೋಯಿತು. ತ್ಯಾಗರಾಜರ ಶಿಲಾವಿಗ್ರಹವನ್ನು ಕೆತ್ತಿಸಿ ಸಮಾಧಿಯ ಮುಂದೆ ನಿಲ್ಲಿಸಿ, 1925ರ ಜನವರಿ 7ರಂದು ಪ್ರತಿಷ್ಠೆಯ ಕಾರ್ಯವನ್ನು ನೆರವೇರಿಸಿದರು. ಪೂಜೆಗಾಗಿ ತ್ಯಾಗರಾಜರ ನೂರೆಂಟು ನಾಮಗಳನ್ನು ಸಂಸ್ಕೃತದಲ್ಲಿ ತಾವೇ ರಚಿಸಿದರು. ನಂಜನಗೂಡಿನಿಂದ ಕೈಹಿಡಿದು ಕರೆತಂದ ತಾಯಿ ಹಟ ಹಿಡಿದು ಕಲಿಸಿದ ಸಂಸ್ಕೃತಕ್ಕೆ ಅದಕ್ಕಿಂತ ದೊಡ್ಡ ಪ್ರಯೋಜನ ಮತ್ತಾವುದು?

ಕಟ್ಟಿದವಳು ಆಕೆ. ಆದರೆ ಆರಾಧನೆಯ ದಿನ ಅಲ್ಲಿ ಹಾಡಲು ಆಕೆಗೆ ಅವಕಾಶವಿರಲಿಲ್ಲ. ಎರಡೂ ಪಕ್ಷದ ಗಂಡಸರು ಎಲ್ಲದರಲ್ಲಿಯೂ ಜಗಳವಾಡುತ್ತಿದ್ದರೂ ಹೆಂಗಸರು ಹಾಡಬಾರದು ಎಂಬುದೊಂದರಲ್ಲಿ ಏಕಮತದವರಾಗಿದ್ದರು. ನಾಗರತ್ನಮ್ಮನವರು ಬಾಗಿಲು ಮುಚ್ಚಿಸಲಿಲ್ಲ, ತನ್ನ ಜಮೀನಿನಿಂದ ಅವರನ್ನು ಹೊರಹಾಕಲೂ ಇಲ್ಲ. 1927ರ ಸುಮಾರಿಗೆ ತನ್ನ ಕುಲದ ಗಾಯಕಿಯರನ್ನು ಕೂಡಿಸಿಕೊಂಡು ಸಮಾಧಿಯ ಹಿಂಭಾಗದಲ್ಲಿ ಕುಳಿತು ಹಾಡತೊಡಗಿದರು. ಜನ ಅದನ್ನು ಹೆಂಗಸರ ಪಕ್ಷವೆಂದು ಕರೆದರು. ಮುಂದೆ ಗಂಡಸರ ಗೋಷ್ಠಿ, ಹಿಂದೆ ಹೆಂಗಸರ ಗೋಷ್ಠಿ, ನಡುವೆ ಸಮಾಧಿ. ಸಮಾಧಿಯೊಳಗಿನ ತ್ಯಾಗರಾಜರಿಗೆ ಯಾವ ಕಡೆಯ ಹಾಡು ಮೊದಲು ಕೇಳಿಸಿತೋ ದೇವರೇ ಬಲ್ಲ.

ಹದಿಮೂರು ಹದಿನಾಲ್ಕು ವರ್ಷ ಇದು ಹೀಗೆಯೇ ನಡೆಯಿತು. ಕೊನೆಗೆ ಐ.ಸಿ.ಎಸ್. ಅಧಿಕಾರಿ ಎಸ್. ವೈ. ಕೃಷ್ಣಸ್ವಾಮಿಯವರೇ ಮೊದಲಾದವರ ಪ್ರಯತ್ನದಿಂದ ಪಕ್ಷಗಳು 1941ರ ವೇಳೆಗೆ ಒಂದುಗೂಡಿದವು. ಹೊಸ ಏರ್ಪಾಟಿನಲ್ಲಿ ಹೆಂಗಸರಿಗೂ ಹಾಡುವ ಸ್ಥಾನ ದೊರೆಯಿತು. ತ್ಯಾಗರಾಜರ ಐದು ಘನರಾಗ ಕೃತಿಗಳನ್ನು ಎಲ್ಲರೂ ಒಟ್ಟಾಗಿ ಕುಳಿತು ಹಾಡುವ ಪದ್ಧತಿ ನೆಲೆಗೊಂಡದ್ದೂ ಆ ಕಾಲದಲ್ಲಿಯೇ. ಇಂದು ಆಕಾಶವಾಣಿಯಲ್ಲಿ, ದೂರದರ್ಶನದಲ್ಲಿ ಆ ಸಮೂಹಗಾನವನ್ನು ಕೇಳಿ ತಲೆದೂಗುವವರಲ್ಲಿ ಎಷ್ಟು ಮಂದಿ ಸಮಾಧಿಯ ಹಿಂಭಾಗದಲ್ಲಿ ಕುಳಿತ ಹೆಂಗಸರನ್ನು ನೆನೆಯುತ್ತಾರೆ?

ಈ ಕಥೆಯನ್ನು ಹೇಳುವಾಗ ಕ್ರೈಸ್ತ ಬೋಧಕರ ನಾಲಿಗೆಗೆ ಮಗ್ದಲದ ಮರಿಯಳ ಹೆಸರು ಬೇಗನೆ ಬಂದುಬಿಡುತ್ತದೆ. ನಾನು ಆ ಹೋಲಿಕೆಯನ್ನು ಮಾಡಲಾರೆ. ಶುಭಸಂದೇಶಗಳಲ್ಲಿ ಮಗ್ದಲದ ಮರಿಯಳು ಪಾಪಿಯೆಂದು ಎಲ್ಲಿಯೂ ಬರೆದಿಲ್ಲ. ಸಂತ ಲೂಕರು ಹೇಳುವ ಹೆಸರಿಲ್ಲದ ಸ್ತ್ರೀಯನ್ನೂ, ಬೆಥಾನಿಯದ ಮರಿಯಳನ್ನೂ, ಈಕೆಯನ್ನೂ ಒಬ್ಬಳೆಂದೇ ಬೆರೆಸಿ ಶತಮಾನಗಳವರೆಗೆ ಬೋಧಿಸಿದವರು ನಾವು. ಪ್ರಭುವಿನ ಸಮಾಧಿಯ ಬಳಿ ಎಲ್ಲರಿಗಿಂತ ಮೊದಲು ಹೋದವಳಿಗೆ, ಪುನರುತ್ಥಾನದ ಸುದ್ದಿಯನ್ನು ಪ್ರೇಷಿತರಿಗೇ ತಲುಪಿಸಿದವಳಿಗೆ, ಪ್ರೇಷಿತರಿಗೆ ಸಮಾನವಾದ ಹಬ್ಬದ ದರ್ಜೆಯನ್ನು ಜಗದ್ಗುರು ಫ್ರಾನ್ಸಿಸರು ಕೊಟ್ಟದ್ದು 2016ರಲ್ಲಿ. ನಾಗರತ್ನಮ್ಮನವರನ್ನೂ ಪಶ್ಚಾತ್ತಾಪ ಪಟ್ಟ ಪತಿತೆಯ ಚಿತ್ರದೊಳಗೆ ಕೂರಿಸಿದರೆ ಹಳೆಯ ತಪ್ಪನ್ನೇ ಮತ್ತೊಮ್ಮೆ ಮಾಡಿದಂತಾಗುತ್ತದೆ. ಆಕೆ ತನ್ನ ಹುಟ್ಟಿಗಾಗಿ ಯಾರ ಕ್ಷಮೆಯನ್ನೂ ಬೇಡಲಿಲ್ಲ, ಬೇಡಬೇಕಾಗಿಯೂ ಇರಲಿಲ್ಲ. ನಮ್ಮ ಗಾನವೃಂದಗಳಲ್ಲಿ ಹಾಡುವ ಮಕ್ಕಳ ತಾಯಂದಿರ ಪೂರ್ವೋತ್ತರವನ್ನು ವಿಚಾರಿಸುವ ಹಿರಿಯರು ಈ ಮಾತನ್ನು ಸಾವಧಾನವಾಗಿ ಓದಬೇಕೆಂದು ಕೋರುತ್ತೇನೆ. ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಿರುವ ಮಗುವಿನ ದನಿಯೂ ಕ್ರಿಸ್ತಜಯಂತಿಯ ರಾತ್ರಿ ಇತರರ ದನಿಯಷ್ಟೇ ಮೇಲಕ್ಕೇರುತ್ತದೆ.

ನಾಗರತ್ನಮ್ಮನವರು ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲಿಯೇ ಕಳೆದರು. ಮದ್ರಾಸಿನ ಸಭಾಭವನಗಳಲ್ಲಿ ಅಷ್ಟರೊಳಗೆ ಧ್ವನಿವರ್ಧಕಗಳು ಬಂದಿದ್ದವು. 1938ರಿಂದ ಆಕಾಶವಾಣಿಯ ಕೇಂದ್ರ ಪ್ರಸಾರ ನಡೆಸುತ್ತಿತ್ತು. ಸಿನಿಮಾದಲ್ಲಿ ಹಾಡಿ ಮನೆಮಾತಾದ ಹೊಸ ಗಾಯಕಿಯರು ಡಿಸೆಂಬರಿನ ಸಂಗೀತೋತ್ಸವಗಳಲ್ಲಿ ಪಟ್ಟವೇರಿದ್ದರು. ಅವರಲ್ಲಿ ಹಲವರು ಇದೇ ಕುಲದ ಮನೆಗಳಿಂದ ಬಂದವರು. ತಮ್ಮ ಆಸ್ತಿಯನ್ನೆಲ್ಲ ಸಮಾಧಿಯ ಸೇವೆಗೆಂದು ಉಯಿಲು ಬರೆದಿಟ್ಟ ನಾಗರತ್ನಮ್ಮನವರು ಅದರಲ್ಲಿ ಒಂದು ಷರತ್ತನ್ನು ಸೇರಿಸಿದರು. ಅಲ್ಲಿ ಹೆಂಗಸರು ಹಾಡುವುದನ್ನು ಯಾರೂ ತಡೆಯಕೂಡದು. ಗಾಯಕಿಗೆ ಸಂದ ಬಿರುದುಗಳು ಹಲವಿದ್ದರೂ ಆಕೆಗೆ ಮೆಚ್ಚಾದುದು ತ್ಯಾಗಸೇವಾಸಕ್ತೆ ಎಂಬುದು.

1952ರ ಮೇ 19ರಂದು ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಆಕೆಗೂ ಸಮಾಧಿಯಾಯಿತು. ಅದರ ಮೇಲೆ ಆಕೆಯ ಶಿಲಾಪ್ರತಿಮೆಯಿದೆ. ಕೈಮುಗಿದು, ತಾನು ಕಟ್ಟಿಸಿದ ಗುಡಿಯ ಕಡೆಗೆ ಮುಖಮಾಡಿ ಕುಳಿತ ಪ್ರತಿಮೆ. ಪುಷ್ಯ ಬಹುಳ ಪಂಚಮಿಯ ಬೆಳಿಗ್ಗೆ ಕನ್ನಡಿಗರೂ ತಮಿಳರೂ ತೆಲುಗರೂ ಮಲೆಯಾಳಿಗಳೂ, ಗಂಡಸರೂ ಹೆಂಗಸರೂ, ಕಾವೇರಿಯ ಮರಳಿನ ಮೇಲೆ ಚಪ್ಪರದ ಕೆಳಗೆ ಸಾಲುಗಟ್ಟಿ ಕುಳಿತು ಶ್ರುತಿ ಸೇರಿಸುವಾಗ ಆ ಪ್ರತಿಮೆಗೂ ಹೂಮಾಲೆ ಬೀಳುತ್ತದೆ.